ಈಗಿನ ರೂಪದಲ್ಲಿ ಬೇಡ

ಏಪ್ರಿಲ್ 22, ಸೋಮವಾರ

ಇವತ್ತು ಪಾಠದ ಮಕ್ಕಳಿಗೆ ನಕ್ಷೆ ಬರೆಸಿದೆ. ನಲ್ಬೋನಾ ಊರಿಗೆಲ್ಲ ನಾನು ಮೊಕ್ಸೇದ್ ಮಾಸ್ಟರ್. ಸರ್ಕಾರಿ ಮಾಸ್ಟರ್ ಅಲ್ಲ, ಜಗಲಿ ಮಾಸ್ಟರ್. ಒಬ್ಬಳು ಹುಡುಗಿ, "ಸರ್, ನಿಮ್ಮನೆ ಇದರಲ್ಲಿ ಎಲ್ಲಿದೆ?" ಎಂದು ಕೇಳಿದಳು. ಕೂಚ್‌ಬಿಹಾರದ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟೆ. ಸುತ್ತಲೂ ಭಾರತ, ಚುಕ್ಕೆಯೊಳಗೆ ಬಾಂಗ್ಲಾದೇಶ. ಶಿಂಗಿಜಾನಿ ಛಿಟ್ ಎಂದರೆ ಅಷ್ಟೇ. ದೇಶ ಭಾಗವಾದಾಗ ಹರಿದ ಬಟ್ಟೆಯಿಂದ ಉದುರಿ, ಯಾರೂ ಹೆಕ್ಕದೆ ಬಿಟ್ಟ ಚಿಂದಿ.

"ಹಂಗಾದ್ರೆ ದಿನಾ ಪಾಸ್‌ಪೋರ್ಟ್ ತೋರ್ಸಿ ಪಾಠಕ್ಕೆ ಬರ್ತೀರಾ ಸರ್?" ಎಂದಳು. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಗದ್ದೆಯ ಒಂದು ಬದು ದಾಟಿದರೆ ಬೇರೆ ದೇಶ ಎಂದರೆ ನಗದೆ ಇನ್ನೇನು ಮಾಡುವುದು. ಆ ಬದುವಿನ ಈಚೆಗೆ ಶಾಲೆಯಿಲ್ಲ, ಆಸ್ಪತ್ರೆಯಿಲ್ಲ, ಪೊಲೀಸಿಲ್ಲ, ಮತವಿಲ್ಲ. ಆಚೆ ಭಾರತದ ನಲ್ಬೋನಾಕ್ಕೆ ಹೋಗುವ ಕರೆಂಟಿನ ತಂತಿ ನಮ್ಮ ತಲೆಯ ಮೇಲೇ ಹಾದುಹೋಗುತ್ತದೆ, ಒಂದು ಬಲ್ಬಿಗೂ ಇಳಿಯುವುದಿಲ್ಲ.

ನನ್ನ ಸರ್ಟಿಫಿಕೇಟುಗಳಲ್ಲೆಲ್ಲ ತಂದೆಯ ಹೆಸರು ಕಾಸೇಮ್ ಅಲಿ. ನಲ್ಬೋನಾದ ಒಳ್ಳೆಯ ಮನುಷ್ಯ. ನನ್ನನ್ನು ಶಾಲೆಗೆ ಸೇರಿಸಲು ತನ್ನ ಹೆಸರು ಕೊಟ್ಟರು. ಛಿಟ್‌ನಲ್ಲಿ ಓದಿದವರಿಗೆಲ್ಲ ಹೀಗೆ ಒಬ್ಬೊಬ್ಬ ಎರವಲು ಅಪ್ಪ. ಹೆತ್ತ ಅಪ್ಪ ತೀರಿಕೊಂಡ ದಿನ ಹೆಡ್‌ಮಾಸ್ಟರ ಹತ್ತಿರ ರಜೆ ಕೇಳಿದೆ. "ನಿಮ್ಮಪ್ಪನ್ನ ಈಗಷ್ಟೇ ಸಂತೇಲಿ ನೋಡ್ದೆ ಕಣೋ, ಬದನೆಕಾಯಿಗೆ ಚೌಕಾಸಿ ಮಾಡ್ತಿದ್ರು. ಸುಳ್ಳು ಹೇಳ್ತೀಯಾ?" ಎಂದು ಕಿವಿ ಹಿಂಡಿ ಕೂರಿಸಿದರು. ಆ ಮಧ್ಯಾಹ್ನ ತ್ರಿಕೋನದ ಪ್ರಮೇಯ ಕಲಿತೆ. ಅಪ್ಪನನ್ನು ಮಣ್ಣಿಗಿಟ್ಟಾಗ ನಾನಿರಲಿಲ್ಲ.

ಹೆಂಡತಿ ಸಾಹೇರಾ ಇವತ್ತು ಹೇಳಿದಳು, ಎರಡು ತಿಂಗಳಾಯಿತಂತೆ. ಮೊದಲನೆಯದು ಮನೆಯಲ್ಲೇ ಹುಟ್ಟಿ ಸೂರ್ಯ ಮುಳುಗುವ ಮೊದಲೇ ಹೋಗಿತ್ತು. ಅದಾಗಿ ಮೂರು ವರ್ಷ ಅವಳು ಈ ಮಾತೆತ್ತಿರಲಿಲ್ಲ.

ಛಿಟ್‌ಗಳನ್ನು ಅದಲುಬದಲು ಮಾಡಿಕೊಳ್ಳುವ ಬಿಲ್ ಇದೇ ಅಧಿವೇಶನದಲ್ಲಿ ಬರುತ್ತದಂತೆ. ಅದು ಬಂದರೆ ನಾವು ನಿಂತಲ್ಲೇ ಭಾರತದವರು. ಬರೆದಿಡುತ್ತೇನೆ: ಈ ಮಗು ಆಸ್ಪತ್ರೆಯಲ್ಲಿ ಹುಟ್ಟುತ್ತದೆ, ಕಾಗದದಲ್ಲಿ ತಂದೆ ಎಂದು ನನ್ನ ಹೆಸರೇ ಇರುತ್ತದೆ. ನಮ್ಮ ದೇಶ ತಡ ಮಾಡಬಹುದು, ಕೊಟ್ಟ ಮಾತಿಗೆ ತಪ್ಪುವುದಿಲ್ಲ.

ಮೇ 8, ಬುಧವಾರ

ಅಧಿವೇಶನ ಮುಗಿಯಿತು. ಬಿಲ್ ಮಂಡಿಸಲೇ ಇಲ್ಲ.

ಧನೇಶ್ವರ್ ಈಶೋರನ ಚಹಾದಂಗಡಿಯ ಟಿವಿಯಲ್ಲಿ ನೋಡಿದೆ. ಅಂಗಡಿಯ ಮೇಲೆ ಏಣಿ ಪಕ್ಷದ ಬಾವುಟ. ದೆಹಲಿಯಲ್ಲಿ ಆಳುತ್ತಿರುವವರು ಅವರೇ. ಕೋಲ್ಕತಾದಲ್ಲಿ ಆಳುವವರು ಗಂಟೆ ಪಕ್ಷದವರು. ದೆಹಲಿಯಲ್ಲಿ ವಿರೋಧದ ಕಡೆ ಕೂತಿದ್ದಾರೆ. ಸಂವಿಧಾನ ತಿದ್ದಬೇಕಾದ ಬಿಲ್, ಒಬ್ಬರಿಂದ ಆಗುವ ಕೆಲಸವಲ್ಲ. ಗಂಟೆಯವರೂ ಕೈ ಎತ್ತಬೇಕು.

"ಏನಾಯ್ತು ದಾದಾ?"

"ಏನಾಗುತ್ತೆ? ಗಂಟೆಯೋರು ಗಂಟಲು ಹರ್ಕೊಂಡ್ರು. ನಮ್ಮ ಮಂತ್ರಿಗಳು ಬಿಲ್ಲನ್ನ ಕಂಕುಳಲ್ಲಿ ಇಟ್ಕೊಂಡು ವಾಪಸ್ ಹೋದ್ರು."

"ಅವರನ್ನ ಕರ್ದು ಕೂರ್ಸಿ, ಒಂದ್ ಕಪ್ ಚಹಾ ಕೊಟ್ಟು ಮಾತಾಡೋಕೇನು ಧಾಡಿ ನಿಮ್ಮೋರಿಗೆ?"

ಧನೇಶ್ವರ್ ನನ್ನ ಲೋಟಕ್ಕೆ ಇನ್ನರ್ಧ ಸುರಿದ. "ಯಾಕ್ ಮಾತಾಡ್ಬೇಕು ಹೇಳಿ. ಅಡ್ಡ ಹಾಕ್ಲಿ. ಇನ್ನೊಂದು ವರ್ಷಕ್ಕೆ ಚುನಾವಣೆ. ಛಿಟ್‌ನೋರ ಹೊಟ್ಟೆ ಮೇಲೆ ಹೊಡೆದೋರು ಇವ್ರೇ ಅಂತ ಊರೂರಲ್ಲಿ ಸಾರ್ತೀವಿ. ತಡ ಆದಷ್ಟೂ ನಮಗೇ ಲಾಭ, ಮಾಸ್ಟರ್."

ಇದನ್ನು ನನ್ನ ಮುಖ ನೋಡಿಕೊಂಡೇ ಹೇಳಿದ. ಕೆಟ್ಟವನಲ್ಲ, ನನ್ನ ಹತ್ತಿರ ಚಹಾಕ್ಕೆ ಒಂದು ಬಿಡಿಗಾಸು ತೆಗೆದುಕೊಂಡವನಲ್ಲ. ಆದರೂ ಹೇಳಿದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಗಂಡನೂ ಹೆಂಡತಿಯೂ ಕೂಸು ಬಡವಾಗಲಿ ಎಂದೇ ಕಾಯುತ್ತಿದ್ದಾರೆ.

ಆಚೆ ಬಾಂಗ್ಲಾದೇಶದ ಕುಡಿಗ್ರಾಮದಿಂದ ಸೋದರಮಾವನ ಫೋನ್. "ನಮ್ಮ ಸಂಸತ್ತು ಇದನ್ನ ಒಪ್ಪಿದಾಗ ನಿನಗಿನ್ನೂ ಹಲ್ಲು ಬಂದಿರ್ಲಿಲ್ಲ ಕಣೋ. ನಿನ್ನ ಭಾರತ ಇನ್ನೂ ಹಲ್ಲುಜ್ಜುತ್ತಾ ಇದೆಯಾ?" ಎಂದು ನಕ್ಕ. ಭಾರತದ ಮಾತು ನಂಬಿದ್ದಕ್ಕೆ ಅಲ್ಲಿಯ ಸರ್ಕಾರವನ್ನು ಅಲ್ಲಿಯ ವಿರೋಧಿಗಳು ಬೀದಿಯಲ್ಲಿ ಆಡಿಕೊಳ್ಳುತ್ತಿದ್ದಾರಂತೆ. ನಮ್ಮ ಸ್ನೇಹ ಮಾಡಿದವರು ಅಲ್ಲಿ ತಲೆ ತಗ್ಗಿಸಿ ಓಡಾಡಬೇಕಾಗಿದೆ. ನನಗೆ ನನ್ನದೇ ಮಾನ ಹೋದಷ್ಟು ಸಿಟ್ಟು ಬಂತು. ನಮ್ಮ ದೇಶ ದೊಡ್ಡದು ಮಾಮಾ, ದೊಡ್ಡ ಮನೆಯಲ್ಲಿ ಅಡುಗೆ ತಡ ಎಂದೆ. ಹೇಳಿದ ಮೇಲೆ ನನಗೇ ಪಿಚ್ಚೆನಿಸಿತು.

ಮೇ 9

ಪಾಠಕ್ಕೆ ಹೋಗಲಿಲ್ಲ.

ಜುಲೈ 1, ಸೋಮವಾರ

ಸಾಹೇರಾಳ ಕಾಲು ಬಾತಿದೆ. ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ. ನಲ್ಬೋನಾದ ಆರೋಗ್ಯ ಕಾರ್ಯಕರ್ತೆ ಬದುವಿನ ಆಚೆ ನಿಂತೇ ನೋಡಿದಳು; ಈಚೆ ಬಂದರೆ ಅವಳ ಕೆಲಸಕ್ಕೆ ಕುತ್ತು. "ಈ ಸಲ ಮನೇಲಿ ಬೇಡ ಭಾಬಿ. ಪಟ್ಟಣದ ಆಸ್ಪತ್ರೇಲೇ ಆಗ್ಬೇಕು" ಎಂದಳು. ಆಸ್ಪತ್ರೆಯಲ್ಲಿ ಗಂಡನ ಮತದಾರರ ಚೀಟಿ ಕೇಳುತ್ತಾರೆ. ಛಿಟ್‌ನ ಹೆಂಗಸರು ಅಲ್ಲಿಗೆ ಹೋಗುವುದು ಎರವಲು ಗಂಡನ ಹೆಸರಿನಲ್ಲಿ. ಅಪ್ಪನನ್ನು ತಂದ ಹಾಗೆಯೇ.

"ಯಾರ್ದಾದ್ರೂ ಒಂದು ಹೆಸರು ತನ್ನಿ" ಎಂದಳು ಸಾಹೇರಾ.

"ಬಿಲ್ ಬರುತ್ತೆ. ಇನ್ನೂ ಟೈಮಿದೆ."

"ಬಿಲ್ಲಿಗೆ ಟೈಮಿರಬಹುದು. ನನ್ನ ಹೊಟ್ಟೇಗೆ ಅಧಿವೇಶನ ಮುಂದಕ್ಕೆ ಹಾಕೋಕ್ಕಾಗಲ್ಲ."

ಕಾಸೇಮ್ ಅಲಿಯವರ ಮಕ್ಕಳ ಹತ್ತಿರ ಹೋದೆ. ಅವರು ತೀರಿಕೊಂಡು ಎರಡು ವರ್ಷ. ದೊಡ್ಡ ಮಗ ಸೆಣಬಿನ ಕಟ್ಟುಗಳನ್ನು ಕೆರೆಯಲ್ಲಿ ಮುಳುಗಿಸುತ್ತಿದ್ದ. ಮೊಣಕಾಲುದ್ದ ಕೊಳೆನೀರಿನಲ್ಲೇ ನಿಂತು ನನ್ನ ಮಾತು ಕೇಳಿದ.

"ತಪ್ಪು ತಿಳೀಬೇಡ ಮೊಕ್ಸೇದ್. ಕಾಗದದ ಪ್ರಕಾರ ನೀನು ನಮ್ಮಪ್ಪನ ದೊಡ್ಡಮಗ. ಜಮೀನು ಪಾಲಾಗೋ ಹೊತ್ತಲ್ಲಿ ನಿನ್ನ ಹೆಸರು ಎದ್ದು ಕೂತಿದೆ, ವಕೀಲ ಬೇರೆ ಹೆದರಿಸ್ತಾನೆ. ಈಗ ನಿನ್ನ ಹೆಂಡ್ತಿಗೂ ನನ್ನ ಹೆಸರು ಕೊಟ್ರೆ ನಾಳೆ ಆ ಮಗು ಬಂದು ನನ್ನ ಪಾಲನ್ನೂ ಕೇಳುತ್ತೆ."

"ನಾನು ಕೇಳ್ತೀನಾ? ನನ್ನನ್ನ ನೋಡಿಲ್ವಾ ನೀನು?"

"ನಿನ್ನ ನಂಬ್ತೀನಪ್ಪಾ. ನಿನ್ನ ಕಾಗದಾನ ನಂಬಲ್ಲ."

ಸಾಹೇರಾಳಿಗೆ ಹೇಳಿದೆ. "ಧನೇಶ್ವರ್ ದಾದಾನ್ನೇ ಕೇಳಿ. ನನ್ನ ಕೈಗೆ ಶಂಖದ ಬಳೆ ಹಾಕ್ಸಿ, ಹಣೆಗೆ ಸಿಂಧೂರ ಬಳ್ದು ಕರ್ಕೊಂಡು ಹೋಗ್ಲಿ" ಎಂದು ನಕ್ಕಳು. ನಗುವಾಗಲೂ ಕಾಲು ಒತ್ತಿಕೊಳ್ಳುತ್ತಿದ್ದಳು.

ಆಗಸ್ಟ್ 19, ಸೋಮವಾರ

ಇವತ್ತೂ ಇಲ್ಲ. ಮಂತ್ರಿ ಎದ್ದು ನಿಂತರು, ಗಂಟೆಯವರು ಸದನದ ಅಂಗಳಕ್ಕಿಳಿದರು, ಸಭಾಪತಿ ಎದ್ದು ಹೋದರು. ನಮ್ಮ ಹಣೆಬರಹಕ್ಕೆ ಹಿಡಿದದ್ದು ಒಂದು ಬೀಡಿ ಸೇದುವಷ್ಟು ಹೊತ್ತು.

"ದೇಶದ ಒಂದಿಂಚು ನೆಲವನ್ನೂ ಬಿಟ್ಟುಕೊಡೆವು" ಎಂದು ಕೂಗಿದರು. ಯಾವ ನೆಲ? ಆಚೆ ದೇಶದೊಳಗೆ ಸಿಕ್ಕಿಕೊಂಡ ಇವರ ಛಿಟ್‌ಗಳನ್ನು ಇವರಲ್ಲಿ ಒಬ್ಬನೂ ಕಣ್ಣಲ್ಲಿ ಕಂಡಿಲ್ಲ. ಹೋಗಬೇಕೆಂದರೂ ವೀಸಾ ಬೇಕು. ಹೋದ ವಾರ ದನಗಳ್ಳರು ನಲ್ಬೋನಾದಿಂದ ಏಳು ಎತ್ತು ಹೊಡೆದುಕೊಂಡು ನಮ್ಮ ಛಿಟ್‌ನೊಳಗೆ ನುಗ್ಗಿದರು. ಗಡಿ ಕಾವಲಿನವರು ಬಂದೂಕು ಹಿಡಿದು ಬದುವಿನ ತನಕ ಬಂದು ನಿಂತರು. ಮುಂದೆ ಬೇರೆ ದೇಶ. ಕಳ್ಳರು ಹಲಸಿನ ಮರದ ಕೆಳಗೆ ಕೂತು ಇವರಿಗೆ ಕೈಬೀಸಿದರು. ಇಂಚು ನೆಲ ಬಿಡದವರು ಅದನ್ನು ಬಂದು ನೋಡಬೇಕಿತ್ತು.

ದಾರಿಯಲ್ಲಿ ಸಮೇಜ್ ಬೇಪಾರಿ ಸಿಕ್ಕ. ಸೆಣಬಿನ ವ್ಯಾಪಾರಿ, ನಲ್ಬೋನಾ ಪಂಚಾಯಿತಿಯಲ್ಲಿ ಗಂಟೆ ಪಕ್ಷದ ಸದಸ್ಯ. ಮೋಟಾರ್‌ಸೈಕಲ್ ನಿಲ್ಲಿಸಿ ತಾನಾಗಿಯೇ ಹೇಳಿದ:

"ಮಾಸ್ಟರ್, ನಮ್ಮ ನಮ್ಮಲ್ಲಿ ಹೇಳ್ತೀನಿ, ಬಿಲ್ ಒಳ್ಳೇದೇ."

"ಮತ್ತೆ ಅಡ್ಡ ಯಾಕೆ?"

"ಏಣಿಯೋರು ತಂದ್ರಲ್ಲ, ಅದಕ್ಕೆ. ಅವ್ರು ಪಾಸು ಮಾಡ್ಸಿದ್ರೆ ಹೆಸರು ಅವ್ರಿಗೆ. ಮುಂದಿನ ವರ್ಷ ನಾವು ಬಂದು ಇದೇ ಬಿಲ್ಲನ್ನ ನಾವೇ ತರ್ತೀವಿ. ಒಂದಕ್ಷರ ಬದಲಾಗಲ್ಲ, ಬೇಕಾದ್ರೆ ಬರ್ಕೊಳಿ."

ಬರೆದುಕೊಂಡಿದ್ದೇನೆ. ಇವರಿಗೆ ದೇಶ ಎಂದರೆ ಸಂತೆಯ ಮೀನು. ಕೊಳೆತರೂ ಚಿಂತೆಯಿಲ್ಲ, ಪಕ್ಕದ ಬುಟ್ಟಿಯವನು ಮಾರಬಾರದು. ಥೂ.

ಸೆಪ್ಟೆಂಬರ್ 11, ಬುಧವಾರ

ಸಮೇಜ್ ಮನೆಗೇ ಬಂದ. ಒಂದು ಕೈಚೀಲದ ತುಂಬ ಹಣ್ಣು. ಬದು ದಾಟಿ ಬಂದ ಮೊದಲ ಪಂಚಾಯಿತಿ ಸದಸ್ಯ. ಸಾಹೇರಾ ಮಂಡಕ್ಕಿ, ಈರುಳ್ಳಿ ಕೊಟ್ಟಳು. ತಿಂದು ಕೈ ಒರೆಸಿಕೊಂಡು ವಿಷಯಕ್ಕೆ ಬಂದ.

"ಭಾಬೀನ ನನ್ನ ಹೆಸರಲ್ಲಿ ಆಸ್ಪತ್ರೆಗೆ ಸೇರ್ಸಿ. ಅಲ್ಲಿ ಎಲ್ಲಾ ನಮ್ಮೋರೇ, ಒಬ್ರೂ ತಕರಾರು ತೆಗೆಯಲ್ಲ. ನಿಮ್ಮಿಂದ ನನಗೊಂದು ಸಣ್ಣ ಕೆಲಸ ಆಗ್ಬೇಕು. ಛಿಟ್‌ನೋರ ಪರವಾಗಿ ಒಂದು ಅರ್ಜಿ. ನಿಮ್ಮಷ್ಟು ಚೆನ್ನಾಗಿ ಬರೆಯೋರು ಈ ಸುತ್ತಲಲ್ಲಿ ಯಾರಿದ್ದಾರೆ?"

"ಏನಂತ ಬರೀಬೇಕು?"

"ಕಷ್ಟ ಎಲ್ಲಾ ಬರೀರಿ. ಇರೋದನ್ನೇ ಬರೀರಿ. ಕೊನೇಲಿ ಒಂದೇ ಮಾತು: ಈ ಬಿಲ್ ಈಗಿನ ರೂಪದಲ್ಲಿ ನಮಗೆ ಬೇಡ."

ಅವನೇ ಮುಂದುವರಿಸಿದ: "ನಾವು ಬೇಡ ಅಂದ್ರೆ ಪೇಪರಿನೋರು ರಾಜಕೀಯ ಅಂತಾರೆ. ಛಿಟ್‌ನೋರೇ ಬೇಡ ಅಂದ್ರೆ ಏಣಿಯೋರು ಮುಖ ಎಲ್ಲಿಟ್ಕೊಳ್ತಾರೆ?"

"ಸಮೇಜ್ ಭಾಯ್, ನಾನು ಎರವಲು ಅಪ್ಪನ ಹೆಸರಲ್ಲಿ ಓದ್ದೋನು. ಆದ್ರೆ ಅಕ್ಷರ ಎರವಲಲ್ಲ. ಬಾಡಿಗೆಗೆ ಬರೆಯಲ್ಲ."

"ಯೋಚ್ನೆ ಮಾಡಿ" ಎಂದು ಹೋದ. ಚೀಲವನ್ನು ವಾಪಸ್ ಕೊಟ್ಟು ಕಳಿಸಿದೆ. ಹೀಗೆ ಹೇಳಿದ್ದಕ್ಕೆ ನನಗೆ ನನ್ನ ಮೇಲೆ ಗೌರವ ಬಂತು. ಸಾಹೇರಾ ಮಾತ್ರ, "ಹಣ್ಣಾದ್ರೂ ಇಟ್ಕೋಬಹುದಿತ್ತು" ಎಂದಳು.

ಸೆಪ್ಟೆಂಬರ್ 27, ಶುಕ್ರವಾರ

ಸಾಹೇರಾ ಕೊಳವೆಬಾವಿಯ ಹತ್ತಿರ ಬಿದ್ದಳು. ಕೊಡ ಒಂದು ಕಡೆ, ಅವಳೊಂದು ಕಡೆ. ಪಟ್ಟಣದಿಂದ ಕಂಪೌಂಡರನನ್ನು ಕರೆದುಕೊಂಡು ಬಂದೆ. ರಕ್ತದೊತ್ತಡ ಅಳೆದವನು ಇನ್ನೊಮ್ಮೆ ಅಳೆದ. ಮನೆಯಲ್ಲಿ ಹೆರಿಗೆಯಾದರೆ ಇಬ್ಬರೂ ಉಳಿಯುವುದು ಕಷ್ಟ ಎಂದ.

ಅವನು ಹೋದ ಮೇಲೆ ಅವಳು ಗೋಡೆಯ ಕಡೆ ತಿರುಗಿಕೊಂಡೇ ಹೇಳಿದಳು. "ಮೊದಲ್ನೇದಕ್ಕೆ ಕೊನೇಗೂ ಯಾರ ಹೆಸರೂ ಬರ್ಲಿಲ್ಲ. ಇದಕ್ಕೆ ನಾಯಿ ಹೆಸರಾದ್ರೂ ಸರಿ, ಉಸಿರು ಇರ್ಲಿ. ನಿಮಗೆ ನಿಮ್ಮ ಹೆಸರು ಮುಖ್ಯಾನಾ?"

ಸಂಜೆ ಸಮೇಜನ ಮನೆಗೆ ಹೋಗಿ ಆಗಲಿ ಎಂದೆ. ಅವನು ಗೆದ್ದವನ ಹಾಗೆ ನಗಲಿಲ್ಲ. ಬೆನ್ನು ತಟ್ಟಿ ಕೂರಿಸಿ ಪೆನ್ನು, ಬಿಳಿ ಹಾಳೆ ಕೊಟ್ಟ. ಅಲ್ಲೇ ಕೂತು ಬರೆದೆ. ಶಾಲೆಯಿಲ್ಲದ್ದು, ತಂತಿ ಮೇಲೆ ಹೋಗುವುದು, ಎರವಲು ಅಪ್ಪಂದಿರು, ಬದುವಿನಲ್ಲಿ ಸತ್ತ ಬಾಣಂತಿಯರು. ಎರಡು ಪುಟ ಒಂದೇ ಉಸಿರಿಗೆ ಬಂತು. ಓದುತ್ತಾ ಸಮೇಜನ ಕಣ್ಣು ಒದ್ದೆಯಾಯಿತು. ಕೊನೆಯ ವಾಕ್ಯವನ್ನು ಅವನು ಹೇಳಿದ, ನಾನು ಬರೆದೆ. ಅದರಲ್ಲಿ ವ್ಯಾಕರಣದ ತಪ್ಪಿತ್ತು. ಅದನ್ನೂ ತಿದ್ದಿದೆ.

ಅಕ್ಟೋಬರ್ 5, ಶನಿವಾರ

ಛಿಟ್‌ನವರನ್ನೆಲ್ಲ ಹಲಸಿನ ಮರದ ಕೆಳಗೆ ಸೇರಿಸಿ ಅರ್ಜಿ ಓದಿದೆ. ಹೆಂಗಸರು ಅತ್ತರು. ಓದುವಾಗ ನನ್ನ ದನಿಯೂ ನಡುಗಿತು, ನಟನೆಯಲ್ಲ. ಕೊನೆಯ ವಾಕ್ಯ ಓದಲಿಲ್ಲ.

ಓದಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಓದದೆ ಬಿಟ್ಟದ್ದು ಒಂದೇ ವಾಕ್ಯ. ಓದಿದ್ದರೂ 'ಈಗಿನ ರೂಪ' ಎಂದರೇನೆಂದು ಇವರಿಗೆ ಏನು ಅರ್ಥವಾಗುತ್ತಿತ್ತು?

ಮುನ್ನೂರ ಹನ್ನೊಂದು ಹೆಬ್ಬೆಟ್ಟು. ಮೊದಲು ಒತ್ತಿದ್ದು ಜಮಿರನ್ ನಾನಿ, ಛಿಟ್‌ನಲ್ಲಿ ಎಲ್ಲರಿಗಿಂತ ಹಿರಿಯಳು. ಮಸಿಯ ಡಬ್ಬಿಯಲ್ಲಿ ಬೆರಳನ್ನು ಗಿಣ್ಣಿನ ತನಕ ಅದ್ದಿಬಿಟ್ಟಳು. "ಕಮ್ಮಿಯಾಗಬಾರ್ದು ಮಾಸ್ಟರ್, ಡೆಲ್ಲಿ ದೂರ ಇದೆ" ಎಂದಳು. "ಈ ಕಾಗದ ಹೋದ್ರೆ ಬಿಲ್ ಪಾಸಾಗುತ್ತಲ್ಲ?"

"ನಮ್ಮ ಕಷ್ಟ ಅವರಿಗೆ ಗೊತ್ತಾಗುತ್ತೆ ನಾನಿ."

ಇದೂ ಸುಳ್ಳಲ್ಲ.

ನವೆಂಬರ್ 26, ಮಂಗಳವಾರ

ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಗೆ ಸೇರಿಸಿದೆವು. ಹೆಸರು: ಸಾಹೇರಾ ಬೇಪಾರಿ. ಗಂಡ: ಸಮೇಜ್ ಬೇಪಾರಿ. ನಾನು 'ನೆರೆಯವನು'.

ಹತ್ತು ಗಂಟೆಗೆ ಡಾಕ್ಟರ್ ಹೊರಗೆ ಬಂದು, ಕೂಡಲೇ ಆಪರೇಷನ್ ಮಾಡಬೇಕು, ಗಂಡ ಸಹಿ ಹಾಕಲಿ ಎಂದರು. ಸಮೇಜ್ ಜಿಲ್ಲಾ ಕೇಂದ್ರದಲ್ಲಿ ಪಕ್ಷದ ಸಭೆಯಲ್ಲಿದ್ದ. ಫೋನ್ ಮಾಡಿದೆ. "ಭಾಷಣ ನಡೀತಿದೆ, ನಾನು ವೇದಿಕೆ ಮೇಲಿದ್ದೀನಿ, ಎದ್ದು ಬಂದ್ರೆ ಚೆನ್ನಾಗಿರಲ್ಲ. ಮುಗಿದ ತಕ್ಷಣ ಹೊರಡ್ತೀನಿ" ಎಂದ.

"ನಾನೇ ಹಾಕ್ತೀನಿ ಡಾಕ್ಟ್ರೇ" ಎಂದೆ.

"ನೀವು ಯಾರು ಅವರಿಗೆ?"

ನಾನೇ ಗಂಡ ಎಂದರೆ ಚೀಟಿ ಸುಳ್ಳಾಗುತ್ತದೆ, ಪೊಲೀಸರು ಬರುತ್ತಾರೆ, ಅವಳು ಹೊರಗೆ.

"ನೆರೆಯವನು."

"ನೆರೆಯೋರ ಸಹಿಗೆ ಹೊಟ್ಟೆ ಕೊಯ್ಯೋಕಾಗುತ್ತೇನ್ರೀ?"

ಎರಡೂವರೆ ಗಂಟೆ ಕಾದೆವು. ಬಾಗಿಲಾಚೆ ಅವಳು ಕೂಗುವುದು ಕೇಳುತ್ತಿತ್ತು. ಮೊದಲು ನನ್ನ ಹೆಸರು ಕೂಗುತ್ತಿದ್ದಳು. ಆಮೇಲೆ ಯಾರೋ ತಿಳಿಹೇಳಿರಬೇಕು, ಬರೀ ಅಲ್ಲಾ ಎನ್ನತೊಡಗಿದಳು. ನಾನು ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದೆ. ಪಕ್ಕದಲ್ಲಿ ಇನ್ನೊಬ್ಬಳ ಗಂಡ ಕಿತ್ತಳೆ ಸುಲಿಯುತ್ತಾ, "ಅವ್ರ ಯಜಮಾನ್ರು ಬಂದಿಲ್ವಾ? ಎಂಥಾ ಗಂಡಸಪ್ಪಾ" ಎಂದ. ಹೌದು, ಎಂಥಾ ಗಂಡಸು ಎಂದೆ.

ಸಮೇಜ್ ಕೊರಳಲ್ಲಿ ಚೆಂಡುಹೂವಿನ ಹಾರದೊಂದಿಗೇ ಬಂದ. ಸಹಿ ಹಾಕಿದ. ಗಂಡುಮಗು. ಇಬ್ಬರೂ ಉಳಿದರು.

ಅವಳಿಗೆ ಎಚ್ಚರವಾದಾಗ ಪಕ್ಕದಲ್ಲಿ ನಿಂತಿದ್ದೆ. ನನ್ನನ್ನೇ ಬಹಳ ಹೊತ್ತು ನೋಡಿ, "ನಮ್ಮ ಯಜಮಾನ್ರು ಹೋದ್ರಾ?" ಎಂದಳು. ಔಷಧಿಯ ಮಂಪರೋ ಕೊಂಕೋ ತಿಳಿಯಲಿಲ್ಲ. ಕೇಳಲಿಲ್ಲ.

ನವೆಂಬರ್ 29, ಶುಕ್ರವಾರ

ಜನನ ಪತ್ರ ಕೈಗೆ ಬಂತು. ಸಮೇಜನ ಶಿಫಾರಸಿನಿಂದ ಮೂರೇ ದಿನಕ್ಕೆ. ಅಚ್ಚು ಚೆನ್ನಾಗಿದೆ.

ಡಿಸೆಂಬರ್ 9, ಸೋಮವಾರ

ಈಗ ಪಾಠ ಬೆಳಿಗ್ಗೆ ಮಾತ್ರ. ಮಧ್ಯಾಹ್ನ ನಲ್ಬೋನಾದ ಪಕ್ಷದ ಕಚೇರಿಗೆ ಹೋಗುತ್ತೇನೆ. ಅಲ್ಲಿ ಸರಿಯಾಗಿ ನಾಲ್ಕು ಸಾಲು ಬರೆಯುವವರು ಒಬ್ಬರೂ ಇಲ್ಲ; ಕರಪತ್ರ, ಗೋಡೆಬರಹ ಎಲ್ಲ ನಾನೇ. ಸಮೇಜ್ ಭಾಯ್ ಒಂದು ಕುರ್ಚಿ ಮೀಸಲಿಟ್ಟಿದ್ದಾರೆ. ಯಾರೂ ನನ್ನ ಚೀಟಿ ಕೇಳುವುದಿಲ್ಲ. ಮೊದಲ ಸಲ ಬದು ದಾಟುವಾಗ ತಲೆ ಎತ್ತಿ ದಾಟುತ್ತಿದ್ದೇನೆ.

ಧನೇಶ್ವರನ ಅಂಗಡಿಗೆ ಹೋಗುವುದು ಬಿಟ್ಟೆ. ಇವತ್ತು ದಾರಿಯಲ್ಲಿ ಅಡ್ಡ ನಿಂತು, "ಏನ್ ಮಾಸ್ಟರ್, ಗಂಟೆ ಕಟ್ಕೊಂಡ್ ಮೇಲೆ ನಮ್ಮ ಚಹಾ ಕಹಿಯಾಯ್ತಾ?" ಎಂದ. "ತಡ ಆದಷ್ಟೂ ಲಾಭ ಅಂದೋರು ನೀವೇ ಅಲ್ವಾ? ಎಣಿಸ್ತಾ ಕೂತಿರಿ" ಎಂದೆ. ಮುಖ ಸಣ್ಣದಾಯಿತು. ಚೆನ್ನಾಗೇ ನಾಟಿತು.

ಮಾಮನ ಫೋನ್ ಬಂದಿತ್ತು. ಮಗುವಿಗೆ ಹೆಸರೇನಿಟ್ಟೆ, ಬಿಲ್ ಏನಾಯಿತು ಎಂದ. ನಿಮ್ಮವರು ಬಹಳ ಅವಸರ ಮಾಡುತ್ತಿದ್ದಾರೆ, ಇಷ್ಟು ಅವಸರ ಯಾಕೆಂದು ನಾವೂ ಯೋಚಿಸಬೇಕಾಗುತ್ತದೆ ಎಂದೆ. "ಇದು ಯಾರ ಮಾತೋ ಮೊಕ್ಸೇದ್?" ಎಂದ. ಲೈನ್ ಸರಿಯಿರಲಿಲ್ಲ, ಇಟ್ಟೆ.

ಡಿಸೆಂಬರ್ 18, ಬುಧವಾರ

ಎಂಥಾ ದಿನ!

ಕಚೇರಿಯ ಟಿವಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮಂತ್ರಿ ಬಿಲ್ ಓದಲು ನಿಂತರು. ನಮ್ಮವರು ಇಬ್ಬರು ನುಗ್ಗಿ ಹಾಳೆಗಳನ್ನು ಕಿತ್ತುಕೊಂಡು ಹರಿದೆಸೆದರು. ಮಂತ್ರಿಯ ಮುಖ ನೋಡಬೇಕಿತ್ತು, ಸಂತೆಯಲ್ಲಿ ಜೇಬು ಕತ್ತರಿಸಿಕೊಂಡವನ ಮುಖ. ಆಮೇಲೆ ನಮ್ಮ ನಾಯಕರು ನನ್ನ ಅರ್ಜಿಯನ್ನು ಎತ್ತಿ ಹಿಡಿದು ಗರ್ಜಿಸಿದರು: "ಇಗೋ, ಛಿಟ್ ನಿವಾಸಿಗಳೇ ಹೆಬ್ಬೆಟ್ಟು ಒತ್ತಿ ಬೇಡ ಎಂದಿದ್ದಾರೆ!" ಕೊನೆಯ ವಾಕ್ಯವನ್ನು ಎರಡು ಸಲ ಓದಿದರು. ಕ್ಯಾಮೆರಾ ಹತ್ತಿರ ಬಂದಾಗ ನನ್ನ ಕೈಬರಹ ಸ್ಪಷ್ಟವಾಗಿ ಕಂಡಿತು. ಕಚೇರಿಯಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಸಮೇಜ್ ಭಾಯ್ ತಮ್ಮ ಹಾರ ತೆಗೆದು ನನ್ನ ಕೊರಳಿಗೆ ಹಾಕಿದರು. ಸಭೆ ಮುಂದಕ್ಕೆ ಹೋಯಿತು. ಚುನಾವಣೆಗೆ ಮೊದಲು ಈ ಬಿಲ್ ಇನ್ನು ತಲೆ ಎತ್ತುವುದಿಲ್ಲ.

ಸಂದೇಶ್ ಮಿಠಾಯಿಯ ಪೊಟ್ಟಣ ಹಿಡಿದು ಹೊತ್ತು ಮುಳುಗುವ ಮೊದಲೇ ಮನೆಗೆ ಬಂದೆ. ಸಾಹೇರಾ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಯಾರ ಮದುವೆ?"

"ಗೆದ್ವಿ."

"ಯಾರು? ಬಿಲ್ ಪಾಸಾಯ್ತಾ?"

"ಇಲ್ಲ. ಹರಿದ್ರು."

ಅವಳ ಕೈ ನಿಂತಿತು. "ಪಾಸಾಗಿದ್ರೆ ಇವನ ಕಾಗದಾನ ತಿದ್ದಿಸಿ ನಿಮ್ಮ ಹೆಸರು ಹಾಕ್ಸಬಹುದಿತ್ತಲ್ವಾ?"

ಹೆಂಗಸರಿಗೆ ಇದೆಲ್ಲ ಬಿಡಿಸಿ ಹೇಳುವುದು ಕಷ್ಟ. ಮುಂದಿನ ವರ್ಷ ನಾವೇ ತರುತ್ತೇವೆ, ಒಂದಕ್ಷರ ಬದಲಾಗುವುದಿಲ್ಲ ಎಂದೆ. ಅವಳು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಒಳಗೆ ಹೋದಳು. ಸಂದೇಶ್ ಮುಟ್ಟಲಿಲ್ಲ. ಬಾಣಂತಿಯ ಪಥ್ಯವಿರಬೇಕು.

ಅಷ್ಟರಲ್ಲಿ ಜಮಿರನ್ ನಾನಿ ಕೋಲೂರಿಕೊಂಡು ಬಂದಳು. ನನ್ನ ಕೊರಳಿನ ಹಾರ ನೋಡಿ ಅವಳ ಮುಖವೆಲ್ಲ ಅರಳಿತು.

"ನಮ್ಮ ಅರ್ಜಿ ಡೆಲ್ಲಿ ಮುಟ್ತಾ, ಮಾಸ್ಟರ್?"

"ಮುಟ್ತು ನಾನಿ. ದೊಡ್ಡ ಸಭೇಲಿ, ಎಲ್ರಿಗೂ ಕೇಳೋ ಹಾಗೆ ಓದಿದ್ರು. ದೇಶಾನೇ ನೋಡ್ತು."

ಮುದುಕಿ ಬಲಗೈ ಹೆಬ್ಬೆರಳನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ತುಟಿಗೆ ಒತ್ತಿಕೊಂಡಳು, ಎರಡೂ ಕಣ್ಣಿಗೆ ಒತ್ತಿಕೊಂಡಳು. "ನಾನು ಹೋಗದಿದ್ರೂ ನನ್ನ ಬೆರಳು ಹೋಗಿ ಬಂತಲ್ಲಪ್ಪಾ. ನಿನ್ನ ಬಾಯಿಗೆ ಸಕ್ಕರೆ ಬೀಳ್ಲಿ" ಎಂದು ಅದೇ ಕೈಯನ್ನು ನನ್ನ ತಲೆಯ ಮೇಲಿಟ್ಟಳು.

ಎರಡು ಸಂದೇಶ್ ಕೊಟ್ಟೆ. ಹಲ್ಲಿಲ್ಲದಿದ್ದರೂ ಚೂರೂ ಬಿಡದೆ ತಿಂದಳು. ನಾಳೆ ಬೇಗ ಕಚೇರಿಗೆ ಹೋಗಬೇಕು, ವಿಜಯ ಮೆರವಣಿಗೆಯ ಬ್ಯಾನರ್ ಬರೆಯುವುದಿದೆ. ಛಿಟ್‌ನಿಂದ ಐವತ್ತು ಜನರನ್ನಾದರೂ ಕರೆತರಲು ಸಮೇಜ್ ಭಾಯ್ ಹೇಳಿದ್ದಾರೆ. ನಾನಿಯನ್ನು ಎಲ್ಲರಿಗಿಂತ ಮುಂದೆ ನಡೆಸಬೇಕು.